ಬೆಳೆಯುವ ಸಿರಿ ಮೊಳಕೆಯಲ್ಲಿ ಕಂಡೀತೇ?

2018ರ ಜನವರಿ 14ರಂದು ನ್ಯೂಜಿಲೆಂಡಿನ ಮೌಂಟ್ ಮಾಂಗನುಯಿಯಲ್ಲಿ ಭಾರತದ 19 ವರ್ಷದೊಳಗಿನವರ ತಂಡ ಆಸ್ಟ್ರೇಲಿಯಾವನ್ನು 100 ರನ್ನುಗಳಿಂದ ಸೋಲಿಸಿತು. ಅದು ಯುವ ವಿಶ್ವಕಪ್ಪಿನಲ್ಲಿ ಭಾರತದ ಮೊದಲ ಪಂದ್ಯ. ಗೆಲುವಿಗಿಂತ ದೊಡ್ಡ ಸುದ್ದಿಯಾದದ್ದು ವೇಗ. ರಾಜಸ್ಥಾನದ ಕಮಲೇಶ್ ನಾಗರಕೋಟಿ ಎಸೆದ ಒಂದು ಚೆಂಡಿಗೆ ಪರದೆಯ ಮೇಲೆ ಗಂಟೆಗೆ 149 ಕಿ.ಮೀ. ಎಂದು ಮೂಡಿತು. ಇನ್ನೊಂದು ತುದಿಯಿಂದ ಉತ್ತರಪ್ರದೇಶದ ಶಿವಂ ಮಾವಿ ಕೂಡ 140ನ್ನು ಸಲೀಸಾಗಿ ದಾಟುತ್ತಿದ್ದರು. ಭಾರತದ ವೇಗದ ಬೌಲಿಂಗಿಗೆ ಭವಿಷ್ಯ ಸಿಕ್ಕಿತು ಎಂಬ ಮಾತು ಎಲ್ಲ ಕಡೆ ಕೇಳಿಬಂತು.

ಎರಡು ವಾರದ ನಂತರ, ವಿಶ್ವಕಪ್ ಇನ್ನೂ ನಡೆಯುತ್ತಿರುವಾಗಲೇ, ಬೆಂಗಳೂರಿನಲ್ಲಿ ಐಪಿಎಲ್ ಹರಾಜು ನಡೆಯಿತು. ಕೋಲ್ಕತ್ತ ನೈಟ್ ರೈಡರ್ಸ್ ತಂಡ ನಾಗರಕೋಟಿಗೆ 3.2 ಕೋಟಿ, ಮಾವಿಗೆ 3 ಕೋಟಿ ರೂಪಾಯಿ ಕೊಟ್ಟಿತು. ಫೆಬ್ರವರಿ 3ರಂದು ರಾಹುಲ್ ದ್ರಾವಿಡ್ ತರಬೇತಿಯ ಹುಡುಗರು ಕಪ್ ಎತ್ತಿದರು.

ಅದೇ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹಿರಿಯರ ತಂಡವಿತ್ತು. ಕೇಪ್‌ಟೌನ್‌ನಲ್ಲಿ ಜಸ್‌ಪ್ರೀತ್ ಬುಮ್ರಾ ತಮ್ಮ ಮೊದಲ ಟೆಸ್ಟ್ ಆಡಿದರು. ಜೊಹಾನ್ಸ್‌ಬರ್ಗಿನ ಮೂರನೇ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಬುಮ್ರಾ ಐದು ವಿಕೆಟ್ ಪಡೆದರು, ಎರಡನೆಯದರಲ್ಲಿ ಮೊಹಮ್ಮದ್ ಶಮಿ ಐದು ಪಡೆದರು. ಭಾರತ 63 ರನ್ನುಗಳಿಂದ ಗೆದ್ದಿತು. ಈ ಇಬ್ಬರೂ ಯುವ ವಿಶ್ವಕಪ್ ಆಡಿದವರಲ್ಲ. ಶಮಿಗಂತೂ ಉತ್ತರಪ್ರದೇಶದ 19ರೊಳಗಿನವರ ತಂಡದಲ್ಲೇ ಜಾಗ ಸಿಗದೆ, ಆಟಕ್ಕಾಗಿ ಕೋಲ್ಕತ್ತಕ್ಕೆ ಹೋಗಬೇಕಾಯಿತು. ಭವಿಷ್ಯ ಎಂದು ನಾವು ಬೊಟ್ಟು ಮಾಡುತ್ತಿದ್ದದ್ದು ನ್ಯೂಜಿಲೆಂಡಿನ ಕಡೆಗೆ. ಆ ಹೊತ್ತಿಗೆ ಟೆಸ್ಟ್ ಗೆಲ್ಲಿಸುತ್ತಿದ್ದವರನ್ನು ಅವರ ಹತ್ತೊಂಬತ್ತನೇ ವಯಸ್ಸಿನಲ್ಲಿ ಹೀಗೆ ಯಾರೂ ತೋರಿಸಿರಲಿಲ್ಲ.

ಮುಂದೆ ಆದದ್ದು ಇಷ್ಟು. ನಾಗರಕೋಟಿ ಗಾಯದಿಂದಾಗಿ 2018ರ ಐಪಿಎಲ್ ಆಡಲಿಲ್ಲ, 2019ರದ್ದೂ ಆಡಲಿಲ್ಲ. ಮಾವಿ ಕೂಡ 2019ರಲ್ಲಿ ಹೊರಗುಳಿದರು. 2018ರಲ್ಲಿ ನಾಗರಕೋಟಿಯ ಬದಲಿಗೆ ಕೋಲ್ಕತ್ತ ತಂಡ ಕರೆಸಿಕೊಂಡದ್ದು ಕರ್ನಾಟಕದ ಪ್ರಸಿದ್ಧ್ ಕೃಷ್ಣರನ್ನು. ಯುವ ವಿಶ್ವಕಪ್ ಆಡಿರದ ಪ್ರಸಿದ್ಧ್ ಮುಂದೆ ಭಾರತದ ಪರ ಏಕದಿನ ಪಂದ್ಯಗಳನ್ನೂ ಟೆಸ್ಟನ್ನೂ ಆಡಿದರು. ನಾಗರಕೋಟಿಗೆ ಇದನ್ನು ಬರೆಯುವ ಹೊತ್ತಿಗೂ ಹಿರಿಯರ ತಂಡದ ಟೋಪಿ ಸಿಕ್ಕಿಲ್ಲ. ಸೆಮಿಫೈನಲ್‌ನಲ್ಲಿ 17 ರನ್ನಿಗೆ 4 ವಿಕೆಟ್ ಕಿತ್ತು ಪಾಕಿಸ್ತಾನವನ್ನು 69ಕ್ಕೆ ಆಲೌಟ್ ಮಾಡಿಸಿದ ಇಶಾನ್ ಪೊರೆಲ್ ಅವರಿಗೂ ಸಿಕ್ಕಿಲ್ಲ. ಆ ತಂಡದಲ್ಲಿ ಮೊದಲ ಆಯ್ಕೆಯ ಹನ್ನೊಂದರಲ್ಲಿ ಇಲ್ಲದೆ, ಗುಂಪು ಹಂತದ ಎರಡು ಪಂದ್ಯಗಳಲ್ಲಷ್ಟೇ ಆಡಿದ ಎಡಗೈ ಬೌಲರ್ ಒಬ್ಬರಿದ್ದರು: ಅರ್ಷದೀಪ್ ಸಿಂಗ್. 2024ರ ಟಿ20 ವಿಶ್ವಕಪ್ಪನ್ನು ಭಾರತ ಗೆದ್ದಾಗ ಅವರ ಲೆಕ್ಕಕ್ಕೆ 17 ವಿಕೆಟ್ ಇದ್ದವು. ಆ ಟೂರ್ನಿಯಲ್ಲಿ ಅದಕ್ಕಿಂತ ಹೆಚ್ಚು ಯಾರಿಗೂ ಸಿಗಲಿಲ್ಲ.

ಇದು ಯಾರದೋ ದಡ್ಡತನದ ಕತೆಯಲ್ಲ. 2018ರಲ್ಲಿ ಆ ಹುಡುಗರನ್ನು ಹೊಗಳಿದವರು ಕಂಡದ್ದನ್ನೇ ಹೇಳಿದ್ದರು. ತೊಂದರೆ ಇರುವುದು ನಾವು ಆ ಮಾತನ್ನು ಆಡುವ ಬಗೆಯಲ್ಲಿ. ಕನ್ನಡದ ಕ್ರಿಯಾಪದಕ್ಕೆ ಎರಡು ದಾರಿಗಳಿವೆ. 'ಇವನು ದೊಡ್ಡ ಬೌಲರ್ ಆಗುತ್ತಾನೆ' ಎನ್ನಬಹುದು. 'ಆದಾನು' ಎಂದೂ ಅನ್ನಬಹುದು. ಶಾಲೆಯಲ್ಲಿ ಸಂಭಾವನಾರ್ಥಕ ಎಂದು ಕಲಿತ ಈ ಎರಡನೇ ರೂಪದಲ್ಲಿ ಭರವಸೆಯೂ ಇದೆ, ಅನುಮಾನಕ್ಕೆ ಜಾಗವೂ ಇದೆ. ಹತ್ತೊಂಬತ್ತರ ಬೌಲರನ ಬಗ್ಗೆ 'ಆಗುತ್ತಾನೆ' ಎಂದವರ ಮಾತನ್ನು ಯುವ ಕ್ರಿಕೆಟ್ಟಿನ ಚರಿತ್ರೆ ಮತ್ತೆ ಮತ್ತೆ ಸುಳ್ಳು ಮಾಡಿದೆ.

ಮೊದಲ ಯುವ ವಿಶ್ವಕಪ್ ನಡೆದದ್ದು 1988ರಲ್ಲಿ, ಆಸ್ಟ್ರೇಲಿಯಾದಲ್ಲಿ. ಅಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವರು ಇಬ್ಬರು, ಇಬ್ಬರಿಗೂ ತಲಾ 19. ಒಬ್ಬರು ಪಾಕಿಸ್ತಾನದ ಲೆಗ್ ಸ್ಪಿನ್ನರ್ ಮುಷ್ತಾಕ್ ಅಹ್ಮದ್. ಅವರು ಮುಂದೆ 52 ಟೆಸ್ಟ್ ಆಡಿ 185 ವಿಕೆಟ್ ಪಡೆದರು, 1992ರ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಇನ್ನೊಬ್ಬರು ಆಸ್ಟ್ರೇಲಿಯಾದ ವೇಗಿ ವೇಯ್ನ್ ಹೋಲ್ಡ್ಸ್‌ವರ್ತ್. ಅವರು 1993ರ ಇಂಗ್ಲೆಂಡ್ ಪ್ರವಾಸದ ತಂಡಕ್ಕೆ ಆಯ್ಕೆಯಾದರು, ಆದರೆ ಒಂದೂ ಟೆಸ್ಟ್ ಆಡಲಿಲ್ಲ. ವಿಕೆಟ್ ಪಟ್ಟಿಯನ್ನಷ್ಟೇ ಹಿಡಿದು ಕೂತವನಿಗೆ ಈ ಇಬ್ಬರ ನಡುವೆ ಕೂದಲೆಳೆಯ ವ್ಯತ್ಯಾಸವೂ ಕಾಣುತ್ತಿರಲಿಲ್ಲ.

ಹತ್ತು ವರ್ಷ ಬಿಟ್ಟು 1998ರಲ್ಲಿ ಎರಡನೇ ಟೂರ್ನಿ ನಡೆಯಿತು. ಆಗ 16 ವಿಕೆಟ್ ಪಡೆದು ಪಟ್ಟಿಯ ತುದಿಯಲ್ಲಿದ್ದ ಇಬ್ಬರಲ್ಲಿ ಒಬ್ಬರ ಹೆಸರು ಕೇಳಿದರೆ ಹಳೆಯ ಕ್ರಿಕೆಟ್ ಪ್ರೇಮಿಗಳಿಗೂ ಅಚ್ಚರಿಯಾದೀತು: ವೆಸ್ಟ್ ಇಂಡೀಸಿನ ರಾಮ್‌ನರೇಶ್ ಸರ್ವಾನ್. ಅವರು ಮುಂದೆ 87 ಟೆಸ್ಟ್ ಆಡಿದರು, 15 ಶತಕ ಹೊಡೆದರು, ಚೆಂಡು ಹಿಡಿದದ್ದು ಅಪರೂಪಕ್ಕೆ. 2004ರಲ್ಲಿ ತಮ್ಮದೇ ನೆಲದಲ್ಲಿ ಬಾಂಗ್ಲಾದೇಶದ ಎಡಗೈ ಸ್ಪಿನ್ನರ್ ಎನಾಮುಲ್ ಹಕ್ ಜೂನಿಯರ್ 22 ವಿಕೆಟ್ ಪಡೆದರು. ಅವರ ಟೆಸ್ಟ್ ಬದುಕು 15 ಪಂದ್ಯಗಳಿಗೆ ಮುಗಿಯಿತು.

2006ರ ಫೈನಲನ್ನು ನಮ್ಮವರು ಬಹುಕಾಲ ಮರೆಯಲಿಲ್ಲ. ಕೊಲಂಬೊದಲ್ಲಿ ಪಾಕಿಸ್ತಾನವನ್ನು 109ಕ್ಕೆ ಕಟ್ಟಿಹಾಕಿದ ಭಾರತ ತಾನು 71ಕ್ಕೆ ಉರುಳಿತು. ಒಂದು ಹಂತದಲ್ಲಿ ಸ್ಕೋರು 9 ರನ್ನಿಗೆ 6 ವಿಕೆಟ್. 35 ರನ್ನಿಗೆ 5 ವಿಕೆಟ್ ಪಡೆದ ಅನ್ವರ್ ಅಲಿ ಮುಂದೆ ಪಾಕಿಸ್ತಾನದ ಪರ ಸೀಮಿತ ಓವರುಗಳ ಪಂದ್ಯಗಳನ್ನು ಆಡಿದರೂ ಟೆಸ್ಟ್ ಆಡಲಿಲ್ಲ. ಭಾರತದ ಕಡೆ ಪಿಯೂಷ್ ಚಾವ್ಲಾ ಕೇವಲ 8 ರನ್ನು ಕೊಟ್ಟು 4 ವಿಕೆಟ್ ಪಡೆದಿದ್ದರು. ಮರುತಿಂಗಳೇ ಮೊಹಾಲಿಯಲ್ಲಿ ಅವರಿಗೆ ಟೆಸ್ಟ್ ಟೋಪಿ ಸಿಕ್ಕಿತು. ಅವರು ಆಡಿದ ಒಟ್ಟು ಟೆಸ್ಟುಗಳು ಮೂರು. ಅದೇ ಫೈನಲ್‌ನಲ್ಲಿ ಮೂರು ವಿಕೆಟ್ ಪಡೆದ ರವೀಂದ್ರ ಜಡೇಜ ಮೊದಲ ಟೆಸ್ಟಿಗೆ 2012ರ ಡಿಸೆಂಬರ್ ತನಕ ಕಾಯಬೇಕಾಯಿತು. ಅವರು 300 ಟೆಸ್ಟ್ ವಿಕೆಟ್ ದಾಟಿದರು. 2008ರಲ್ಲಿ ವಿರಾಟ್ ಕೊಹ್ಲಿ ನಾಯಕತ್ವದ ತಂಡ ಗೆದ್ದಾಗ ಫೈನಲ್‌ನ ಪಂದ್ಯಶ್ರೇಷ್ಠ ಅಜಿತೇಶ್ ಅರ್ಗಲ್: ಐದು ಓವರ್, 7 ರನ್, 2 ವಿಕೆಟ್. ಅವರು ಭಾರತ ತಂಡದವರೆಗೆ ಬರಲಿಲ್ಲ. ಬಹಳ ವರ್ಷಗಳ ನಂತರ ಅಂಪೈರ್ ಪರೀಕ್ಷೆ ಪಾಸು ಮಾಡಿ ಮೈದಾನಕ್ಕೆ ಮರಳಿದರು.

ಹಾಗೆಂದು ಈ ಪಟ್ಟಿಗಳು ಯಾವಾಗಲೂ ಸುಳ್ಳು ಹೇಳುತ್ತವೆ ಎನ್ನಲಾಗದು. 2014ರ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾದ ಆರು ವಿಕೆಟ್ ಕಿತ್ತ ಕಗಿಸೊ ರಬಾಡ ಹೇಗಾದರು ಎಂದು ಹೇಳಬೇಕಿಲ್ಲ. ಅದೇ ಟೂರ್ನಿಯಲ್ಲಿ ಹ್ಯಾಟ್ರಿಕ್ ಪಡೆದ ಕುಲದೀಪ್ ಯಾದವ್, 2020ರಲ್ಲಿ 17 ವಿಕೆಟ್ ಪಡೆದ ರವಿ ಬಿಷ್ಣೋಯ್ ಇಬ್ಬರೂ ಹಿರಿಯರ ತಂಡ ಸೇರಿದರು. ಮೊಳಕೆಯಲ್ಲಿ ಸಿರಿ ಕಾಣುವುದುಂಟು. ಕಂಡದ್ದೆಲ್ಲ ಸಿರಿಯಾಗದು, ಕಾಣದ್ದು ಆಗಬಾರದು ಎಂದೂ ಇಲ್ಲ.

ಏಕೆ ಹೀಗೆ? ಮೊದಲ ಕಾರಣ ಎದುರಾಳಿ. 2018ರಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವರಲ್ಲಿ ಭಾರತದ ಎಡಗೈ ಸ್ಪಿನ್ನರ್ ಅನುಕೂಲ್ ರಾಯ್ ಒಬ್ಬರು, ಒಟ್ಟು 14. ಅದರಲ್ಲಿ ಐದು ಬಂದದ್ದು 64 ರನ್ನಿಗೆ ಆಲೌಟಾದ ಪಪುವಾ ನ್ಯೂಗಿನಿಯ ವಿರುದ್ಧದ ಒಂದೇ ಪಂದ್ಯದಲ್ಲಿ. ಆರೇಳು ಪಂದ್ಯಗಳ ಟೂರ್ನಿಯಲ್ಲಿ ಇಂಥ ಒಂದು ದಿನ ಇಡೀ ಲೆಕ್ಕವನ್ನೇ ಮೇಲಕ್ಕೆತ್ತುತ್ತದೆ. ಜೊತೆಗೆ, 140ರ ವೇಗವನ್ನಾಗಲಿ ಗೂಗ್ಲಿಯನ್ನಾಗಲಿ ಹೆಚ್ಚು ಎದುರಿಸಿರದ ಹುಡುಗರು ಅಲ್ಲಿ ಬ್ಯಾಟ್ ಹಿಡಿದಿರುತ್ತಾರೆ. ರಣಜಿಯಲ್ಲಿ ಮೂವತ್ತು ದಾಟಿದ ಬ್ಯಾಟ್ಸ್‌ಮನ್ ಅದೇ ಚೆಂಡನ್ನು ಸುಮ್ಮನೆ ಬಿಟ್ಟು, ಬೌಲರನ ಮೂರನೇ ಸ್ಪೆಲ್‌ಗಾಗಿ ಕಾಯುತ್ತಾನೆ.

ಎರಡನೆಯದು ದೇಹ. ವೇಗದ ಬೌಲರ್ ಮುಂಗಾಲು ಊರಿದ ಗಳಿಗೆಯಲ್ಲಿ ಅವನ ತೂಕದ ಹಲವು ಪಟ್ಟು ಹೊರೆ ಆ ಕಾಲಿನ ಮೂಲಕ ಮೇಲಕ್ಕೇರುತ್ತದೆ. ಅದೇ ಗಳಿಗೆಯಲ್ಲಿ ನಡು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಗುತ್ತಲೂ ಇರುತ್ತದೆ. ಕೆಳಬೆನ್ನಿನ ಮೂಳೆಗಳು ಇಪ್ಪತ್ತು ದಾಟಿದ ಮೇಲೂ ಕೆಲವು ವರ್ಷ ಗಟ್ಟಿಯಾಗುತ್ತಲೇ ಇರುತ್ತವೆ. ತೋಳಿನ ಬಲ ಮೊದಲು ಬರುತ್ತದೆ, ಅದನ್ನು ತಾಳುವ ಬೆನ್ನು ಆಮೇಲೆ. ಈ ನಡುವಿನ ವರ್ಷಗಳಲ್ಲೇ ಸ್ಟ್ರೆಸ್ ಫ್ರ್ಯಾಕ್ಚರ್ ಎಂಬ ಬಿರುಕು ಮೂಡುವುದು. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ 19ರೊಳಗಿನ ವೇಗಿಗಳಿಗೆ ಒಂದು ಸ್ಪೆಲ್‌ಗೆ 7 ಓವರ್, ದಿನಕ್ಕೆ 18 ಓವರ್ ಎಂದು ಮಿತಿ ಹಾಕಿದ್ದು ಇದೇ ಕಾರಣಕ್ಕೆ. ಬ್ಯಾಟ್ಸ್‌ಮನ್‌ನ ಭವಿಷ್ಯ ಹೇಳುವುದೂ ಕಷ್ಟವೇ. ಬೌಲರನ ವಿಷಯದಲ್ಲಿ ನಾವು ಇನ್ನೂ ಕಟ್ಟಿ ಮುಗಿಯದ ಮನೆಯ ಬಾಳಿಕೆ ಹೇಳಹೊರಟಿರುತ್ತೇವೆ.

ಮೂರನೆಯದು ವಯಸ್ಸು. ಹದಿನಾರರ ಹುಡುಗರ ನಡುವೆ ಹದಿನೆಂಟರವನೊಬ್ಬ ಬೌಲ್ ಮಾಡಿದರೆ ಅವನೇ ವೇಗಿ, ಅವನೇ ಪ್ರತಿಭೆ. ಜನ್ಮದಿನಾಂಕ ತಿದ್ದುವ ಚಾಳಿ ನಮ್ಮಲ್ಲಿ ಹಳೆಯದು. ಅದಕ್ಕೆಂದೇ ಮಂಡಳಿ ಕಿರಿಯರ ಮಣಿಕಟ್ಟಿನ ಎಕ್ಸ್-ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತದೆ. 2015ರ ಡಿಸೆಂಬರಿನಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಕೊಟ್ಟ ದ್ರಾವಿಡ್ ಈ ಮೋಸದ ವಿರುದ್ಧ ಕಟುವಾಗಿಯೇ ಮಾತಾಡಿದರು. ಅವರು ಕಿರಿಯರ ಕೋಚ್ ಆಗಿದ್ದ ಕಾಲದಲ್ಲೇ, 2016ರಲ್ಲಿ, ಭಾರತದ ಹುಡುಗನೊಬ್ಬ ಒಂದಕ್ಕಿಂತ ಹೆಚ್ಚು ಯುವ ವಿಶ್ವಕಪ್ ಆಡುವಂತಿಲ್ಲ ಎಂಬ ನಿಯಮವೂ ಬಂತು. ಕಪ್ ಗೆಲ್ಲುವುದಕ್ಕಿಂತ ಹೆಚ್ಚು ಹುಡುಗರಿಗೆ ಬಾಗಿಲು ತೆರೆಯುವುದು ಮುಖ್ಯ ಎಂಬ ತೀರ್ಮಾನ ಅದು.

ಕರ್ನಾಟಕದ ಇಬ್ಬರು ದೊಡ್ಡ ಬೌಲರುಗಳನ್ನು ಈ ಬೆಳಕಿನಲ್ಲಿ ನೋಡಬೇಕು. ಇಬ್ಬರೂ 1989-90ರ ಋತುವಿನಲ್ಲಿ ಹೈದರಾಬಾದ್ ವಿರುದ್ಧ ರಾಜ್ಯದ ಪರ ಮೊದಲು ಆಡಿದವರು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಜಾವಗಲ್ ಶ್ರೀನಾಥ್ ಮೊದಲ ಇನಿಂಗ್ಸಿನಲ್ಲೇ ಹ್ಯಾಟ್ರಿಕ್ ಪಡೆದರು. ಕ್ಲಬ್ ಪಂದ್ಯವೊಂದರಲ್ಲಿ ಅವರನ್ನು ಗುರುತಿಸಿದ್ದವರು ಗುಂಡಪ್ಪ ವಿಶ್ವನಾಥ್. ಅನಿಲ್ ಕುಂಬ್ಳೆ ಆಮೇಲೆ ಪಾಕಿಸ್ತಾನದ ವಿರುದ್ಧ ಭಾರತದ 19ರೊಳಗಿನವರ ತಂಡಕ್ಕೆ ಆಡಿದರು. ಮೊದಲ ಟೆಸ್ಟಿನಲ್ಲಿ ಅವರ ಗಳಿಕೆ 113, ಎರಡನೆಯದರಲ್ಲಿ 76. ಇವು ಕೊಟ್ಟ ರನ್ನುಗಳಲ್ಲ, ಹೊಡೆದ ರನ್ನುಗಳು. ಆ ಸ್ಕೋರ್‌ಕಾರ್ಡ್ ನೋಡಿ ಬರೆಯುವವನು ಭಾರತಕ್ಕೊಬ್ಬ ಬ್ಯಾಟ್ಸ್‌ಮನ್ ಸಿಕ್ಕ ಎಂದೇ ಬರೆಯುತ್ತಿದ್ದ. ಹದಿಹರೆಯದಲ್ಲಿ ಮಧ್ಯಮ ವೇಗ ಬಿಟ್ಟು ಲೆಗ್ ಸ್ಪಿನ್‌ಗೆ ಹೊರಳಿದ್ದ ಆ ಹುಡುಗ ಮುಗಿಸಿದ್ದು 619 ಟೆಸ್ಟ್ ವಿಕೆಟ್‌ಗಳೊಂದಿಗೆ, ಒಂದೇ ಒಂದು ಟೆಸ್ಟ್ ಶತಕದೊಂದಿಗೆ.

ಹಾಗಾದರೆ ಯುವ ತಂಡವೊಂದರ ಬೌಲಿಂಗನ್ನು ಅಳೆಯುವುದು ಹೇಗೆ? ವಿಕೆಟ್ ಎಷ್ಟು ಎನ್ನುವುದಕ್ಕಿಂತ ಯಾರ ವಿಕೆಟ್ ಎಂದು ನೋಡಬೇಕು. ಚೆಂಡು ಹಳತಾಗಿ, ಪಿಚ್ ಸಪ್ಪಗಾದಾಗ ಹುಡುಗ ಏನು ಮಾಡುತ್ತಾನೆ? ಮೊದಲ ಓವರಿನ ವೇಗಕ್ಕೂ ಕೊನೆಯ ಓವರಿನ ವೇಗಕ್ಕೂ ಎಷ್ಟು ಅಂತರ? ಕಳೆದ ಒಂದು ವರ್ಷದಲ್ಲಿ ಅವನಿಂದ ಎಷ್ಟು ಓವರ್ ಎಸೆಸಿದ್ದಾರೆ? ತಂಡದಲ್ಲಿ ಬೆಂಚಿನ ಮೇಲೆ ಕೂತಿರುವವರು ಯಾರು? ಕೊನೆಯದು, ಈ ಪಟ್ಟಿಯಲ್ಲಿಲ್ಲದವರಿಗೆ ಇಪ್ಪತ್ತೆರಡರಲ್ಲಿ, ಇಪ್ಪತ್ತೈದರಲ್ಲಿ ತೆರೆಯುವ ಬಾಗಿಲು ಇದೆಯೇ? ಹೈದರಾಬಾದಿನ ಆಟೋ ಚಾಲಕರ ಮಗ ಮೊಹಮ್ಮದ್ ಸಿರಾಜ್, ಸೇಲಂ ಹತ್ತಿರದ ಚಿನ್ನಪ್ಪಂಪಟ್ಟಿಯ ನಟರಾಜನ್ ಇಬ್ಬರೂ ಟೆನಿಸ್ ಬಾಲ್ ಆಟದಿಂದ ಬಂದವರು. 2021ರ ಜನವರಿಯಲ್ಲಿ ಬ್ರಿಸ್ಬೇನ್ ಟೆಸ್ಟ್ ಗೆದ್ದ ದಾಳಿಯಲ್ಲಿ ಈ ಇಬ್ಬರೂ ಇದ್ದರು.

2018ರ ಕತೆಯಲ್ಲಿ ಹೇಳದೆ ಉಳಿದದ್ದು ಒಂದಿದೆ. 2023ರ ಜನವರಿಯಲ್ಲಿ, ಮೌಂಟ್ ಮಾಂಗನುಯಿಯ ಆ ದಿನಕ್ಕೆ ಐದು ವರ್ಷ ತುಂಬುವ ಹೊತ್ತಿಗೆ, ಶಿವಂ ಮಾವಿ ಮುಂಬೈಯ ವಾಂಖೆಡೆಯಲ್ಲಿ ಭಾರತದ ಪರ ಮೊದಲ ಟಿ20 ಆಡಿ ಶ್ರೀಲಂಕಾದ ನಾಲ್ಕು ವಿಕೆಟ್ ಪಡೆದರು. ಆ ಐದು ವರ್ಷಗಳಲ್ಲಿ ಒಂದಷ್ಟು ಕಾಲವನ್ನು ಬೆನ್ನಿನ ಜೊತೆ ಕಳೆದವರು ಅವರು. ಮುಂದಿನ ಯುವ ವಿಶ್ವಕಪ್ಪಿನಲ್ಲಿ ಇನ್ನೊಬ್ಬ ಹುಡುಗನ ವೇಗ ಪರದೆಯ ಮೇಲೆ 145 ಎಂದು ಮೂಡಿದಾಗ ಖುಷಿಪಡೋಣ. ಇವನು ಆದಾನು, ಅದಕ್ಕೆ ಐದಾರು ವರ್ಷ ಹಿಡಿದೀತು ಎನ್ನೋಣ. ಅಷ್ಟು ಕಾಲ ಅವನ ಬೆನ್ನನ್ನು ಕಾಯುವವರು ಯಾರು ಎಂದೂ ಕೇಳೋಣ.