ಹೊಸ ಫ್ಲ್ಯಾಟ್‌ನಲ್ಲಿ ಸೋರಿಕೆ, ಬಿರುಕು: ಒಂದು ವರ್ಷ ಕಳೆದರೆ ಬಿಲ್ಡರ್ ಹೊಣೆ ಮುಗಿಯುತ್ತದೆಯೇ?

“ರಿಜಿಸ್ಟ್ರೇಷನ್ ಆಗಿ ಒಂದು ವರ್ಷ ಕಳೆದರೆ ಬಿಲ್ಡರ್‌ನನ್ನು ಕೇಳುವಂತಿಲ್ಲ, ರಿಪೇರಿ ಖರ್ಚೆಲ್ಲ ಮಾಲೀಕರದ್ದೇ.” ಮಳೆಗಾಲ ಬಂತೆಂದರೆ ಅಪಾರ್ಟ್‌ಮೆಂಟ್ ಗ್ರೂಪ್‌ಗಳಲ್ಲಿ ಇಂಥ ಮಾತು ಹರಿದಾಡುತ್ತದೆ. ಇದನ್ನು ನಂಬಿ ಸ್ವಂತ ದುಡ್ಡಿನಲ್ಲಿ ವಾಟರ್‌ಪ್ರೂಫಿಂಗ್ ಮಾಡಿಸಿಕೊಳ್ಳುವವರೂ ಇದ್ದಾರೆ. ಆದರೆ ಈ ಮಾತು ತಪ್ಪು.

ನಾವು ರೇರಾ ಎಂದು ಕರೆಯುವ 2016ರ ಕಾಯ್ದೆಯ ಸೆಕ್ಷನ್ 14(3) ಹೇಳುವುದು ಇಷ್ಟು: ಫ್ಲ್ಯಾಟ್ ಸ್ವಾಧೀನಕ್ಕೆ ಕೊಟ್ಟ ದಿನದಿಂದ 5 ವರ್ಷದೊಳಗೆ ದೋಷವನ್ನು ಬಿಲ್ಡರ್ ಗಮನಕ್ಕೆ ತಂದರೆ, ಆತ 30 ದಿನದೊಳಗೆ ಬಿಡಿಗಾಸೂ ಕೇಳದೆ ಸರಿಪಡಿಸಬೇಕು. ಮಾಡದಿದ್ದರೆ ಪರಿಹಾರ ಕೊಡಬೇಕು. ಪಿಲ್ಲರ್, ಬೀಮ್ ಮಾತ್ರವಲ್ಲ; ಕೆಲಸದ ಗುಣಮಟ್ಟ, ಒಪ್ಪಂದದಲ್ಲಿ ಹೇಳಿದ ಸೌಲಭ್ಯಗಳೂ ಇದರಲ್ಲಿ ಸೇರಿವೆ. ಹಾಗಾಗಿ ಟೊಳ್ಳು ಟೈಲ್ಸ್, ಸೋರುವ ಬಾತ್‌ರೂಮ್ ಕೂಡ ದೋಷವೇ. ಒಪ್ಪಂದದಲ್ಲಿ “12 ತಿಂಗಳು ಮಾತ್ರ” ಎಂದು ಬರೆಸಿಕೊಂಡಿದ್ದರೂ ಕಾಯ್ದೆ ಕೊಟ್ಟ 5 ವರ್ಷವನ್ನು ಆ ಸಾಲು ಕತ್ತರಿಸಲಾರದು. (ನಲ್ಲಿ, ಪಂಪ್‌ಗಳಿಗೆ ತಯಾರಕರು ಕೊಡುವ ವಾರಂಟಿ ಬೇರೆಯೇ ವಿಷಯ. ಗೊಂದಲ ಹುಟ್ಟುವುದು ಬಹುಶಃ ಅಲ್ಲಿಂದಲೇ.)

ಬಿರುಕೆಂದರೆ ಬರೀ ಅಂದಗೆಡುವ ಮಾತಲ್ಲ. ಪ್ಲಾಸ್ಟರ್‌ನಲ್ಲಿ ಕೂದಲೆಳೆಯಂಥ ಗೆರೆಗಳು ಸಾಮಾನ್ಯ. ಆದರೆ ಬೀಮ್ ಅಥವಾ ಸ್ಲ್ಯಾಬ್‌ನಲ್ಲಿ ಒಂದೇ ನೇರಕ್ಕೆ ಬಿರುಕು ಬಿಟ್ಟು ಕಂದು ಕಲೆ ಇಳಿಯುತ್ತಿದ್ದರೆ, ಒಳಗಿನ ಕಬ್ಬಿಣ ತುಕ್ಕು ಹಿಡಿದಿರಬಹುದು. 2022ರ ಫೆಬ್ರವರಿಯಲ್ಲಿ ಗುರುಗ್ರಾಮದ ಚಿಂಟೆಲ್ಸ್ ಪ್ಯಾರಡಿಸೊ ಸಮುಚ್ಚಯದ ಒಂದು ಟವರ್ ಭಾಗಶಃ ಕುಸಿದು ಇಬ್ಬರು ಮಹಿಳೆಯರು ಸತ್ತರು. ಐಐಟಿ ದೆಹಲಿಯ ತಜ್ಞರು ಪರೀಕ್ಷಿಸಿದಾಗ ಕಾಂಕ್ರೀಟ್‌ನಲ್ಲಿ ಕಬ್ಬಿಣವನ್ನು ತಿನ್ನುವ ಕ್ಲೋರೈಡ್ ಸಿಕ್ಕಿತು. ಇಂಥ ಲಕ್ಷಣ ಕಂಡರೆ ಪೇಂಟರ್‌ಗೆ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್‌ನನ್ನು ಕರೆಸಿ.

ದೂರಿನಲ್ಲಿ ಗಟ್ಟಿಯಾಗಿ ನಿಲ್ಲುವುದು ಕಾಗದ. ಫೆಸಿಲಿಟಿ ಮ್ಯಾನೇಜರ್‌ಗೆ ಬಾಯಲ್ಲಿ ಹೇಳಿದ್ದು ಸಾಲದು. ಇಮೇಲ್ ಜೊತೆಗೆ ಸ್ಪೀಡ್ ಪೋಸ್ಟ್‌ನಲ್ಲೂ ನೋಟಿಸ್ ಕಳಿಸಿ. ತಾರೀಖಿರುವ ಫೋಟೊ, ಸ್ವಾಧೀನ ಪತ್ರ, ಎಂಜಿನಿಯರ್ ವರದಿ ಎತ್ತಿಟ್ಟುಕೊಳ್ಳಿ. ಇಂಟೀರಿಯರ್ ಕೆಲಸ ಶುರು ಮಾಡುವ ಮುನ್ನವೇ ಫೋಟೊ ತೆಗೆಯಿರಿ. “ನಿಮ್ಮ ಕಾರ್ಪೆಂಟರ್ ಕೊರೆದದ್ದರಿಂದಲೇ ಸೋರುತ್ತಿದೆ” ಎನ್ನುವುದು ಬಿಲ್ಡರ್‌ಗಳ ಹಳೆಯ ವಾದ. ಟೆರೇಸ್, ಬೇಸ್‌ಮೆಂಟ್, ಲಿಫ್ಟ್‌ನಂಥ ಸಾಮೂಹಿಕ ಜಾಗದ ದೋಷಕ್ಕೆ ಸಂಘವೇ ದೂರು ಕೊಡಬಹುದು.

30 ದಿನ ಕಳೆದರೂ ಕೆಲಸವಾಗದಿದ್ದರೆ ಎರಡು ದಾರಿಗಳಿವೆ. ಒಂದು, ಕರ್ನಾಟಕ ರೇರಾದ ಜಾಲತಾಣದಲ್ಲಿ ದೂರು. ರಿಪೇರಿ ಮಾಡಿಸಿಕೊಡಿ ಎಂದು ಕೇಳುವುದು ಪ್ರಾಧಿಕಾರದ ಮುಂದೆ, ಪರಿಹಾರದ ಹಣ ಕೇಳುವುದು ಅಲ್ಲಿನ ನ್ಯಾಯನಿರ್ಣಯ ಅಧಿಕಾರಿಯ ಮುಂದೆ. ಇವೆರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿ ತಿಂಗಳುಗಟ್ಟಲೆ ಕಳೆದುಕೊಳ್ಳಬೇಡಿ. ವಕೀಲರಿಲ್ಲದೆ ನೀವೇ ವಾದಿಸಲೂ ಅವಕಾಶವಿದೆ.

ಇನ್ನೊಂದು, ಗ್ರಾಹಕ ಆಯೋಗ. ರೇರಾ ಇದ್ದರೂ ಈ ಬಾಗಿಲು ಮುಚ್ಚಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ನೀವು ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲಾದರೆ ರಾಷ್ಟ್ರೀಯ ಆಯೋಗ. ಆದರೆ ಇಲ್ಲಿ ಗಡುವು ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ 2 ವರ್ಷ ಮಾತ್ರ; ರೇರಾದ 5 ವರ್ಷ ಇಲ್ಲಿಗೆ ಅನ್ವಯಿಸದು. ಒಂದೇ ಪರಿಹಾರಕ್ಕೆ ಎರಡೂ ಕಡೆ ಅಲೆಯದೆ ಒಂದನ್ನು ಆರಿಸಿಕೊಳ್ಳಿ. ರೇರಾ ತೀರ್ಮಾನಿಸಬೇಕಾದ ವಿಷಯವನ್ನು ಸಿವಿಲ್ ಕೋರ್ಟ್ ಕೈಗೆತ್ತಿಕೊಳ್ಳುವಂತಿಲ್ಲ ಎಂದು ಸೆಕ್ಷನ್ 79 ಹೇಳುತ್ತದೆ.

ಆದೇಶ ಬಂದ ಕೂಡಲೇ ಹಣ ಬರುತ್ತದೆ ಎಂದು ನಾವು ಹೇಳುವುದಿಲ್ಲ. ರೇರಾ ವಿಧಿಸಿದ ಪರಿಹಾರವನ್ನು ಬಿಲ್ಡರ್ ಕಟ್ಟದಿದ್ದರೆ ಅದನ್ನು ಭೂಕಂದಾಯ ಬಾಕಿಯಂತೆ ವಸೂಲಿ ಮಾಡಬೇಕಾಗುತ್ತದೆ. ಕಡತ ಕಂದಾಯ ಇಲಾಖೆಗೆ ಹೋಗಿ ಅಲ್ಲೇ ಕೂರುವುದುಂಟು, ಬೆನ್ನು ಹತ್ತಿ ಕೇಳುತ್ತಿರಬೇಕು. ನಿಮ್ಮ ಸ್ವಾಧೀನ ಪತ್ರಕ್ಕೆ 5 ವರ್ಷ ತುಂಬುತ್ತಾ ಬಂದಿದ್ದರೆ ಎಂಜಿನಿಯರ್ ವರದಿಗೂ ಕಾಯಬೇಡಿ, ಈ ವಾರವೇ ನೋಟಿಸ್ ಕಳಿಸಿ. ವರದಿಯನ್ನು ಆಮೇಲೆ ಸೇರಿಸಬಹುದು.