ದಪ್ಪ ಕಬ್ಬಿಣದ ಪ್ಲೇಟ್ ಇದ್ದರೆ ರೈಫಲ್ ಟಾರ್ಗೆಟ್‌ಗೆ ಸಾಕೇ? ಗುಂಡು ವಾಪಸ್ ಬರುತ್ತದೆಯೇ?

ದೂರದಲ್ಲಿ ನೇತುಹಾಕಿದ ಉಕ್ಕಿನ ಫಲಕ. ರೈಫಲ್ ಸಿಡಿದು ಕ್ಷಣ ಕಳೆದ ಮೇಲೆ 'ಟಣ್' ಎಂಬ ಸದ್ದು. ಅಮೆರಿಕದ ಶೂಟಿಂಗ್ ಬಯಲುಗಳ ಇಂಥ ವಿಡಿಯೊಗಳನ್ನು ನೀವೂ ನೋಡಿರಬಹುದು. ಅವುಗಳ ಜೊತೆ ಎರಡು ಮಾತುಗಳೂ ಹರಿದಾಡುತ್ತವೆ.

ಹೇಳಿಕೆ 1: ಉಕ್ಕಿಗೆ ಹೊಡೆದ ಗುಂಡು ಹೊಡೆದವರತ್ತಲೇ ವಾಪಸ್ ಬರುತ್ತದೆ.
ಹೇಳಿಕೆ 2: ಗುಜರಿಯ ದಪ್ಪ ಕಬ್ಬಿಣದ ತುಂಡು ಸಾಕು. ದಪ್ಪ ಹೆಚ್ಚಿದಷ್ಟೂ ಸುರಕ್ಷಿತ.

ಚುಟುಕಾಗಿ ಹೇಳುವುದಾದರೆ, ಮೊದಲನೆಯದು ಅರ್ಧ ಸತ್ಯ. ಎರಡನೆಯದು ತಪ್ಪು, ಅಪಾಯಕಾರಿ ಕೂಡ. ಯಾಕೆ ಎಂದು ನೋಡೋಣ.

ಗುಂಡು ಉಕ್ಕಿಗೆ ಬಡಿದಾಗ ಆಗುವುದೇನು?

ಸಾಮಾನ್ಯ ರೈಫಲ್ ಗುಂಡಿನ ಒಳಗೆ ಸೀಸ, ಹೊರಗೆ ತಾಮ್ರದ ಹೊದಿಕೆ ಇರುತ್ತದೆ. ಅದು ಸೆಕೆಂಡಿಗೆ 800–900 ಮೀಟರ್ ವೇಗದಲ್ಲಿ ಹೊರಡುತ್ತದೆ. ಗಟ್ಟಿಯಾದ, ನುಣುಪಾದ, ಚಪ್ಪಟೆ ಉಕ್ಕಿಗೆ ಬಡಿದರೆ ಪುಡಿಪುಡಿಯಾಗುತ್ತದೆ. ಆ ಚೂರುಗಳು ಬಹುಪಾಲು ಫಲಕದ ಮೈಗುಂಟ ಸುತ್ತಲೂ ಹರಡುತ್ತವೆ.

ಅಡುಗೆಮನೆಯ ನಲ್ಲಿಯನ್ನು ನೆನಪಿಸಿಕೊಳ್ಳಿ. ಅದರ ಕೆಳಗೆ ಚಪ್ಪಟೆ ತಟ್ಟೆ ಹಿಡಿದರೆ ನೀರು ಅಕ್ಕಪಕ್ಕಕ್ಕೆ ಹರಡುತ್ತದೆ. ಸೌಟು ಹಿಡಿದರೆ ಅದೇ ನೀರು ನಿಮ್ಮ ಮುಖಕ್ಕೆ ಚಿಮ್ಮುತ್ತದೆ. ಟಾರ್ಗೆಟ್ ವಿಷಯದಲ್ಲೂ ಹೀಗೆಯೇ. ಫಲಕದಲ್ಲಿ ಗುಳಿ ಬಿದ್ದಿದ್ದರೆ ಆ ಗುಳಿಯೇ ಸೌಟಾಗಿ ಚೂರುಗಳನ್ನು ಹೊಡೆದವರತ್ತ ತಿರುಗಿಸುತ್ತದೆ. ಅಂದರೆ ಅಪಾಯ ಇರುವುದು ಉಕ್ಕಿನಲ್ಲಲ್ಲ, ಗುಳಿಯಲ್ಲಿ.

ದಪ್ಪವಲ್ಲ, ಗಡಸುತನ ಮುಖ್ಯ

ನಮ್ಮ ವೆಲ್ಡಿಂಗ್ ಶಾಪ್‌ಗಳಲ್ಲಿ ಗೇಟು, ಗ್ರಿಲ್‌ಗೆ ಬಳಸುವ ಎಂಎಸ್ ಪ್ಲೇಟ್ ಮೆದು ಉಕ್ಕು. ಅದು ಎಷ್ಟೇ ದಪ್ಪ ಇರಲಿ, ರೈಫಲ್ ಗುಂಡು ಬಿದ್ದಲ್ಲಿ ಗುಳಿಯಾಗುತ್ತದೆ. ಹಾಗಾಗಿ ಗುಜರಿ ತುಂಡು ಟಾರ್ಗೆಟ್‌ಗೆ ಸಲ್ಲದು.

ಟಾರ್ಗೆಟ್‌ಗೆ ಬಳಸುವುದು 'ಎಆರ್500' ಎಂಬ ಸವೆತ ತಡೆಯುವ ಉಕ್ಕು. ಗಣಿಗಳ ಟಿಪ್ಪರ್ ತೊಟ್ಟಿ, ಕಲ್ಲು ಜಾರುವ ಕಾಲುವೆಗಳಿಗೆ ಹಾಕುವಂಥದ್ದು ಇದೇ ಜಾತಿಯ ಉಕ್ಕು. ಹೆಸರಿನಲ್ಲಿರುವ 500 ಎಂದರೆ ಬ್ರಿನೆಲ್ ಗಡಸುತನ. 10 ಮಿ.ಮೀ. ಗಟ್ಟಿ ಗೋಲಿಯನ್ನು ಲೋಹದ ಮೇಲೆ ಭಾರ ಹಾಕಿ ಒತ್ತಿ, ಬಿದ್ದ ಕಚ್ಚಿನ ಅಳತೆಯಿಂದ ಈ ಸಂಖ್ಯೆ ಪಡೆಯುತ್ತಾರೆ. ಎಂಎಸ್ ಪ್ಲೇಟ್‌ಗೆ ಇದು ಸುಮಾರು 120–140 ಅಷ್ಟೇ.

ಸಾಮಾನ್ಯ ರೈಫಲ್‌ಗಳಿಗೆ 3/8 ಇಂಚು (ಸುಮಾರು 9.5 ಮಿ.ಮೀ.), ಹೆಚ್ಚು ಶಕ್ತಿಯ ರೈಫಲ್‌ಗಳಿಗೆ 1/2 ಇಂಚು (12.7 ಮಿ.ಮೀ.) ದಪ್ಪದ ಎಆರ್500 ಬಳಸುವುದು ರೂಢಿ.

ಈ ಗಡಸುತನಕ್ಕೆ ಬಿಸಿಯೇ ಶತ್ರು. ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿದರೆ, ಮುಖಕ್ಕೆ ವೆಲ್ಡಿಂಗ್ ಮಾಡಿದರೆ ಆ ಭಾಗ ಮತ್ತೆ ಮೆದುವಾಗುತ್ತದೆ. ಆದ್ದರಿಂದ ಲೇಸರ್ ಅಥವಾ ನೀರಿನ ಧಾರೆಯಿಂದ ಕತ್ತರಿಸಿದ, ಗುಂಡು ಬೀಳುವ ಮುಖದಲ್ಲಿ ವೆಲ್ಡಿಂಗ್ ಇಲ್ಲದ ಫಲಕ ಒಳ್ಳೆಯದು.

ನೇತುಹಾಕುವ ರೀತಿ

• ಫಲಕದ ಮುಖ ಸ್ವಲ್ಪ ನೆಲದತ್ತ ಬಾಗಿರಬೇಕು, ಸುಮಾರು 15–20 ಡಿಗ್ರಿ. ಆಗ ಹೆಚ್ಚಿನ ಚೂರುಗಳು ಮಣ್ಣಿಗೆ ಹೋಗುತ್ತವೆ. ಸರಪಳಿಯನ್ನು ಫಲಕದ ಹಿಂಬದಿಗೆ, ತುಸು ಅಂತರ ಬಿಟ್ಟು ಸಿಕ್ಕಿಸಿದರೆ ಫಲಕ ತನ್ನ ಭಾರಕ್ಕೇ ಹೀಗೆ ಬಾಗುತ್ತದೆ.
• ದುಂಡು ತಲೆಯ ಬೋಲ್ಟ್ ಮುಂದೆ, ನಟ್ ಹಿಂದೆ ಇರಬೇಕು. ಮುಂದೆ ಚೂಪು ಅಂಚು ಇದ್ದರೆ ಚೂರುಗಳು ಎತ್ತ ಬೇಕಾದರೂ ಸಿಡಿಯುತ್ತವೆ.
• ಒಂದೇ ಕಡೆ ಕಟ್ಟಿದರೆ ಫಲಕ ಬುಗುರಿಯಂತೆ ತಿರುಗುತ್ತದೆ. ಎರಡು ಕಡೆ ಕಟ್ಟಬೇಕು.
• ಬಿಗಿಯಾಗಿ ಕೂರಿಸುವುದಕ್ಕಿಂತ ತೂಗಾಡಲು ಬಿಟ್ಟರೆ ಬೋಲ್ಟ್ ಮತ್ತು ಚೌಕಟ್ಟಿಗೆ ಬೀಳುವ ಹೊಡೆತ ಕಡಿಮೆ.
• 30 ಸೆಂ.ಮೀ. ಚೌಕದ, 10 ಮಿ.ಮೀ. ದಪ್ಪದ ಫಲಕ ಸುಮಾರು 7 ಕೆ.ಜಿ. ತೂಗುತ್ತದೆ. ಚೌಕಟ್ಟು ಅದಕ್ಕೆ ತಕ್ಕಂತಿರಲಿ.
• ಹಿಂದೆ ಎತ್ತರದ ಮಣ್ಣಿನ ದಿಬ್ಬ ಬೇಕೇ ಬೇಕು. ಗುರಿ ತಪ್ಪಿದ ಗುಂಡನ್ನು ಉಕ್ಕು ತಡೆಯುವುದಿಲ್ಲ.

ಎಷ್ಟು ದೂರ?

ದೊಡ್ಡ ರೈಫಲ್‌ಗಳಿಗೆ ಕನಿಷ್ಠ 100 ಗಜ (ಸುಮಾರು 91 ಮೀಟರ್) ದೂರ ಇರಬೇಕೆಂಬುದು ಅಲ್ಲಿನ ಸಾಮಾನ್ಯ ನಿಯಮ. ಹತ್ತಿರದಿಂದ ಹೊಡೆದರೆ ಗುಂಡಿನ ವೇಗ ತಗ್ಗಿರುವುದಿಲ್ಲ. ಆ ವೇಗಕ್ಕೆ ಎಆರ್500 ಕೂಡ ಗುಳಿ ಬೀಳಬಹುದು. ಮೆಕ್ಸಿಕೊದಲ್ಲಿ ಹುಟ್ಟಿದ 'ಸಿಲೂಯೆಟ್' ಸ್ಪರ್ಧೆಯ ದೊಡ್ಡ ರೈಫಲ್ ವಿಭಾಗದಲ್ಲಿ ಉಕ್ಕಿನ ಕೋಳಿ 200, ಹಂದಿ 300, ಟರ್ಕಿ 385, ಟಗರು 500 ಮೀಟರ್ ದೂರದಲ್ಲಿರುತ್ತವೆ.

ಚಳಿಗಾಲದ ಒಲಿಂಪಿಕ್ಸ್‌ನ ಬಯಾಥ್ಲಾನ್‌ನಲ್ಲಿ 50 ಮೀಟರ್‌ನಿಂದಲೇ ಲೋಹದ ಗುರಿಗೆ ಹೊಡೆಯುತ್ತಾರಲ್ಲ ಎಂದು ಕೇಳಬಹುದು. ಅಲ್ಲಿ ಬಳಸುವುದು ಕಡಿಮೆ ವೇಗದ, ಮೆದು ಸೀಸದ .22 ಗುಂಡು. ಆ ಅಂತರವನ್ನು ದೊಡ್ಡ ರೈಫಲ್‌ಗೆ ಅನ್ವಯಿಸುವಂತಿಲ್ಲ.

ಇನ್ನೂ ಮೂರು ಎಚ್ಚರಿಕೆ

ಒಳಗೆ ಉಕ್ಕು ಇರುವ ಗುಂಡುಗಳನ್ನು ಬಳಸಬಾರದು. ಅವು ಫಲಕವನ್ನು ಕೆಡಿಸುತ್ತವೆ. ಅಮೆರಿಕದ ಅರಣ್ಯ ಇಲಾಖೆ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಕ್ಕಿನ ಭಾಗಗಳಿರುವ ಗುಂಡುಗಳ ಮತ್ತು ಪೂರ್ತಿ ತಾಮ್ರದ ಗುಂಡುಗಳ ಬಿಸಿ ಚೂರುಗಳು ಒಣ ಸಸ್ಯಪದಾರ್ಥಕ್ಕೆ ಬೆಂಕಿ ಹೊತ್ತಿಸಬಲ್ಲವು ಎಂದು ಕಂಡುಬಂತು.

ಕಣ್ಣಿಗೆ ರಕ್ಷಣಾ ಕನ್ನಡಕ, ಕಿವಿಗೆ ರಕ್ಷಣೆ ಹೊಡೆಯುವವರಿಗೆ ಮಾತ್ರವಲ್ಲ, ನಿಂತು ನೋಡುವವರಿಗೂ ಬೇಕು.

ಪುಡಿಯಾಗುವುದು ಸೀಸ, ಅದು ವಿಷ. ಫಲಕ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯದೆ ತಿಂಡಿ ಮುಟ್ಟಬಾರದು.

ನಮ್ಮಲ್ಲಿ?

ಭಾರತದಲ್ಲಿ ರೈಫಲ್ ಇಟ್ಟುಕೊಳ್ಳಲು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಇದೆ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ಸ್ಪರ್ಧೆಗಳಲ್ಲಿ ಗುರಿ ಇಡುವುದು ತೆಂಗಿನಕಾಯಿಗೆ. ಅದರ ಬದಲು ಗುಜರಿ ತಗಡು ನೇತುಹಾಕುವ ಯೋಚನೆ ಬೇಡ.

ಮನೆಗಳಲ್ಲಿ ಹೆಚ್ಚು ಗಮನಿಸಬೇಕಾದದ್ದು ಏರ್‌ಗನ್. ಅದರಲ್ಲಿ ಹಾಕುವ ಉಕ್ಕಿನ ದುಂಡು ಗುಂಡು ನಿಧಾನ, ಗಟ್ಟಿ. ಗೇಟಿಗೋ ತಗಡಿಗೋ ಬಡಿದರೆ ಪುಡಿಯಾಗದೆ ಇಡಿಯಾಗಿ ಪುಟಿದು ಬರುತ್ತದೆ. ಕಣ್ಣಿಗೆ ಬಡಿದರೆ ದೃಷ್ಟಿಯೇ ಹೋಗಬಹುದು. ಮಕ್ಕಳಿಗೆ ಇದನ್ನು ಮೊದಲು ತಿಳಿಸಿ.

ನಮ್ಮ ತೀರ್ಮಾನ

ಗಟ್ಟಿ, ಚಪ್ಪಟೆ, ಕೆಳಗೆ ಬಾಗಿದ ಫಲಕ, ಸಾಕಷ್ಟು ದೂರ, ಸರಿಯಾದ ಗುಂಡು: ಇಷ್ಟೂ ಇದ್ದರೆ ಅಪಾಯ ಬಹಳ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಗುಳಿ ಬಿದ್ದ, ಬಿರುಕು ಬಿಟ್ಟ, ಬಾಗಿದ ಫಲಕವನ್ನು ಅಂದೇ ಇಳಿಸಬೇಕು. 'ದಪ್ಪ ಕಬ್ಬಿಣ ಸಾಕು' ಎಂಬ ಮೆಸೇಜ್ ಬಂದರೆ ಮುಂದೆ ಕಳಿಸಬೇಡಿ, ಕಳಿಸಿದವರಿಗೆ ನಲ್ಲಿ ಮತ್ತು ಸೌಟಿನ ಉದಾಹರಣೆ ಹೇಳಿ.