ವಿಟರೂ ಪೋಲೀಸರೂ: ಬೆಂಗಳೂರಿನ ಚರಿತ್ರೆಯ ಒಂದು ಅಧ್ಯಾಯ

ಸೂಳೆ, ವೇಶ್ಯೆ, ಗಣಿಕೆ, ವಾರಾಂಗನೆ, ಪಣ್ಯಾಂಗನೆ, ಬೆಲೆವೆಣ್ಣು—ಹಣಕ್ಕಾಗಿ ದೇಹವನ್ನೊಪ್ಪಿಸುವ ಸ್ತ್ರೀಗೆ ಕನ್ನಡದಲ್ಲಿ ಬಳಕೆಯಾಗಿರುವ ಹೆಸರುಗಳು ಇಷ್ಟೇ ಅಲ್ಲ, ಇನ್ನೂ ಹಲವುಂಟು. ಹಣ ಕೊಟ್ಟು ಅವಳಲ್ಲಿಗೆ ಹೋಗುವ ಪುರುಷನಿಗಾದರೋ ‘ವಿಟ’ನೆಂಬ ಮಾತೊಂದೇ ಮುಖ್ಯವಾಗಿ ಉಳಿದಿದೆ, ಅದೂ ಸಂಸ್ಕೃತ ನಾಟಕಗಳಲ್ಲಿ ರಸಿಕನೂ ವಾಕ್ಚತುರನೂ ಆದ ಪಾತ್ರದ ಹೆಸರು. ಜಾರ, ಮಿಂಡ ಎಂಬ ಮಾತುಗಳಿದ್ದರೂ ಅವು ಹಣ ಕೊಡುವವನನ್ನೇ ಗೊತ್ತುಮಾಡಿ ಹೇಳುವಂಥವಲ್ಲ. ಕೊಳ್ಳುವವನಿಲ್ಲದೆ ಮಾರಾಟವಿಲ್ಲವೆಂಬುದು ಸಂತೆಯನ್ನು ಕಂಡ ಹುಡುಗನಿಗೂ ತಿಳಿದ ವಿಷಯ. ಹೀಗಿದ್ದರೂ ಭಾಷೆ ಒಬ್ಬಳಿಗೆ ಹತ್ತು ಹೆಸರಿಟ್ಟು, ಇನ್ನೊಬ್ಬನನ್ನು ಹೆಚ್ಚು ಕಡಮೆ ಹೆಸರಿಲ್ಲದೆಯೇ ಬಿಟ್ಟಿತು. ಭಾಷೆ ಮಾಡಿದುದನ್ನೇ ಕಾನೂನೂ ಪೋಲೀಸಿನ ಆಚರಣೆಯೂ ಬಹುಕಾಲ ಮಾಡಿದುವೆಂಬುದು ಬೆಂಗಳೂರಿನ ಚರಿತ್ರೆಯನ್ನು ಪರಿಶೀಲಿಸಿದರೆ ಕಂಡುಬರುತ್ತದೆ.

ಪ್ರಾಚೀನ ಕರ್ನಾಟಕದಲ್ಲಿ ಈ ಸ್ತ್ರೀಯರಿಗಿದ್ದ ಸ್ಥಾನ ಇಂದಿನ ಕಲ್ಪನೆಗೆ ಸುಲಭವಾಗಿ ಹೊಂದುವುದಿಲ್ಲ. ಬಾದಾಮಿಯ ಚಾಲುಕ್ಯ ವಿಜಯಾದಿತ್ಯನ (696–733) ಪ್ರಾಣವಲ್ಲಭೆಯೆನಿಸಿದ್ದ ವಿನಾಪೋಟಿಯು ಮಹಾಕೂಟದ ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಅರ್ಪಿಸಿದಳೆಂದು ಅಲ್ಲಿಯ ಶಾಸನ ಹೇಳುತ್ತದೆ. ಅವಳನ್ನು ಸೂಳೆಯೆಂದು ಕರೆಯುವಲ್ಲಿ ನಿಂದೆಯ ಧ್ವನಿಯಿಲ್ಲ. ಹನ್ನೆರಡನೆಯ ಶತಮಾನದ ಶರಣೆ ಸೂಳೆ ಸಂಕವ್ವೆಯು ತನ್ನ ವೃತ್ತಿಯ ಒಪ್ಪಂದದ ಮಾತಿನಿಂದಲೇ ಭಕ್ತಿಯ ನಿಷ್ಠೆಯನ್ನು ಹೇಳಿದಳು. ಆದರೆ ಗೌರವವಿದ್ದ ಕಾಲದಲ್ಲಿಯೂ ರಾಜ್ಯದ ಲೆಕ್ಕವೇ ಬೇರೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು, ಟಂಕಸಾಲೆಯ ಎದುರಿಗೆ ನಗರಾಧಿಕಾರಿಯ ಕಚೇರಿಯಿತ್ತೆಂದೂ, ಅಲ್ಲಿ ಹನ್ನೆರಡು ಸಾವಿರ ಮಂದಿ ಕಾವಲಿನವರಿದ್ದರೆಂದೂ, ಅವರ ದಿನದ ಸಂಬಳವಾದ 12,000 ಪಣಗಳು ವೇಶ್ಯಾಗೃಹಗಳ ಉತ್ಪತ್ತಿಯಿಂದ ಬರುತ್ತಿದ್ದುವೆಂದೂ ಬರೆದಿಟ್ಟಿದ್ದಾನೆ. ಪ್ರವಾಸಿಯ ಅಂಕಿಗಳನ್ನು ಅಕ್ಷರಶಃ ನಂಬಬೇಕಾದುದಿಲ್ಲ. ಆದರೂ ಊರಿನ ಕಾವಲಿನವನ ಅನ್ನ ವಿಟನ ಹಣದಿಂದ ಬರುತ್ತಿದ್ದಾಗ, ವಿಟನನ್ನು ತಡೆಯುವ ಆಲೋಚನೆ ಕಾವಲಿನವನಿಗೆ ಹುಟ್ಟುವುದು ಹೇಗೆ?

ಈ ಆಡಳಿತಕ್ರಮದ ಪ್ರಾಚೀನ ಸೂತ್ರಗಳು ಲೋಕಕ್ಕೆ ಮತ್ತೆ ತಿಳಿದುಬಂದುದೂ ಕನ್ನಡನಾಡಿನಿಂದಲೇ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಓಲೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗಣಿಕಾಧ್ಯಕ್ಷನೆಂಬ ಅಧಿಕಾರಿಯುಂಟು. ರೂಪಾಜೀವೆಯರು ತಿಂಗಳಿಗೊಮ್ಮೆ ಭೋಗದ್ರವ್ಯದ ಎರಡರಷ್ಟನ್ನು ಕಂದಾಯವಾಗಿ ಕೊಡಬೇಕೆಂಬ ವಿಧಿಯೂ ಉಂಟು. ಒಲ್ಲದವಳ ಮೇಲೆ ಬಲಾತ್ಕಾರ ಮಾಡಿದ ಪುರುಷನಿಗೂ, ಅವಳ ಆಭರಣವನ್ನಪಹರಿಸಿದವನಿಗೂ ಕೌಟಿಲ್ಯನು ದಂಡ ವಿಧಿಸಿದನು. ಕೊಳ್ಳುವಿಕೆ ಮಾತ್ರ ಅವನ ದೃಷ್ಟಿಯಲ್ಲಿ ತಪ್ಪಲ್ಲ. ಅದು ಬೊಕ್ಕಸದ ಮೂಲಗಳಲ್ಲೊಂದು.

ಬೆಂಗಳೂರಿನಲ್ಲಿ ಈ ಪ್ರಶ್ನೆ ಹೊಸ ರೂಪ ತಾಳಿದುದು 1809ರಲ್ಲಿ ದಂಡು ನೆಲೆಯಾದ ಮೇಲೆ. ಮನೆಮಠಗಳಿಂದ ದೂರವಾಗಿ ಬಂದ ಬಿಳಿಯ ಸಿಪಾಯಿಗಳಲ್ಲಿ ಬಹುಮಂದಿಗೆ ಮದುವೆಯಾಗಲು ಸೈನ್ಯದ ಅಪ್ಪಣೆಯಿರಲಿಲ್ಲ. ಅವರಲ್ಲಿ ಗುಹ್ಯರೋಗಗಳು ಹೆಚ್ಚಿದುದನ್ನು ಕಂಡು ಸರ್ಕಾರದವರು ಕೈಗೊಂಡ ಉಪಾಯವು 1864ರ ದಂಡುಪ್ರದೇಶಗಳ ಕಾನೂನಿನಲ್ಲಿಯೂ 1868ರ ಸಾಂಕ್ರಾಮಿಕ ರೋಗಗಳ ಕಾನೂನಿನಲ್ಲಿಯೂ ಪೂರ್ಣಸ್ವರೂಪಕ್ಕೆ ಬಂದಿತು: ಸ್ತ್ರೀಯರ ಹೆಸರುಗಳನ್ನು ಪಟ್ಟಿಯಲ್ಲಿ ಬರೆದುಕೊಳ್ಳುವುದು, ಗೊತ್ತಾದ ದಿನಗಳಲ್ಲಿ ಅವರ ದೇಹಪರೀಕ್ಷೆ ಮಾಡಿಸುವುದು, ರೋಗವಿದ್ದವರನ್ನು ‘ಲಾಕ್ ಆಸ್ಪತ್ರೆ’ಯಲ್ಲಿ ಗುಣವಾಗುವ ತನಕ ಕೂಡಿಹಾಕುವುದು. ಬೆಂಗಳೂರಿನ ದಂಡಿನಲ್ಲಿಯೂ ಇಂತಹ ಆಸ್ಪತ್ರೆಯಿತ್ತು. ರೋಗವು ಇಬ್ಬರ ನಡುವೆ ಹೋಗಿಬರುವಂಥದು; ಪರೀಕ್ಷೆ ಮಾತ್ರ ಒಬ್ಬಳಿಗೆ. ಸಿಪಾಯಿಗಳಿಗೂ ಹಿಂದೆ ನಡೆಯುತ್ತಿದ್ದ ಇದೇ ಬಗೆಯ ಪರೀಕ್ಷೆಯನ್ನು ಅವರ ಆತ್ಮಗೌರವಕ್ಕೆ ಕುಂದೆಂದು ಬ್ರಿಟಿಷ್ ಸೈನ್ಯ 1859ರಲ್ಲಿಯೇ ಬಿಟ್ಟುಕೊಟ್ಟಿತ್ತು.

ಈ ಪಕ್ಷಪಾತ ಕೇವಲ ಅಜಾಗರೂಕತೆಯಿಂದ ಆದುದಲ್ಲ. ಇಂಗ್ಲೆಂಡಿನಲ್ಲಿ ಇದೇ ಕಾನೂನುಗಳನ್ನು ವಿಚಾರಿಸಿದ ರಾಯಲ್ ಕಮಿಷನ್ 1871ರಲ್ಲಿ, ಸ್ತ್ರೀ ಲಾಭಕ್ಕಾಗಿ ತಪ್ಪು ಮಾಡುತ್ತಾಳೆ, ಪುರುಷನದು ಸಹಜಪ್ರವೃತ್ತಿಯ ಅಂಕೆಮೀರಿದ ನಡತೆ ಮಾತ್ರ, ಆದುದರಿಂದ ಇಬ್ಬರನ್ನೂ ಹೋಲಿಸಲಾಗದು ಎಂಬ ಅಭಿಪ್ರಾಯವನ್ನು ಬಾಯಿಬಿಟ್ಟು ಹೇಳಿತು. ಜೋಸೆಫೀನ್ ಬಟ್ಲರ್ ಎಂಬ ಸಾಧ್ವಿಯ ನೇತೃತ್ವದಲ್ಲಿ ಎದ್ದ ಚಳವಳಿ ಪ್ರತಿಭಟಿಸಿದುದು ಮುಖ್ಯವಾಗಿ ಈ ಎರಡು ಬಗೆಯ ನ್ಯಾಯವನ್ನೇ. ಆ ಕಾನೂನುಗಳು ಇಂಗ್ಲೆಂಡಿನಲ್ಲಿ 1886ರಲ್ಲಿಯೂ, 1868ರ ಹಿಂದೂಸ್ಥಾನದ ಕಾನೂನು 1888ರಲ್ಲಿಯೂ ರದ್ದಾದುವು.

ರದ್ದಾದ ಮೇಲೆ ರೋಗ ಇಳಿಯಲಿಲ್ಲ. 1895ರಲ್ಲಿ ಹಿಂದೂಸ್ಥಾನದ ಬಿಳಿಯ ಸೈನಿಕರಲ್ಲಿ ಸಾವಿರಕ್ಕೆ ಐನೂರಕ್ಕೂ ಹೆಚ್ಚು ಬಾರಿ ಈ ರೋಗಗಳಿಗಾಗಿ ಆಸ್ಪತ್ರೆಯ ದಾಖಲೆಯಾಯಿತು. ಎರಡು ವರ್ಷಗಳಲ್ಲಿ ಹಳೆಯ ನಿಯಂತ್ರಣದ ಕೆಲವಂಶಗಳು ಮತ್ತೆ ಬಂದುವು. ಈ ಸಂದರ್ಭದಲ್ಲಿ ಒಂದು ಬೇರೆಯ ಪ್ರಯತ್ನವೂ ನಡೆಯಿತು. ಸೇನಾಧಿಪತಿ ಲಾರ್ಡ್ ಕಿಚನರ್ 1905ರಲ್ಲಿ ನೇರವಾಗಿ ಸಿಪಾಯಿಗಳನ್ನೇ ಸಂಬೋಧಿಸಿ ಸಂಯಮದ ಉಪದೇಶಪತ್ರವನ್ನು ಹೊರಡಿಸಿದನು. ಆಟಪಾಟಗಳು, ಓದುವ ಕೊಠಡಿಗಳು, ಮದ್ಯದ ಬದಲು ಚಹದ ಏರ್ಪಾಟುಗಳು ಹೆಚ್ಚಿದುವು. ಆ ಶತಮಾನದ ಮೊದಲ ದಶಕದಲ್ಲಿ ರೋಗದ ಪ್ರಮಾಣ ಗಣನೀಯವಾಗಿ ತಗ್ಗಿತು. ಇದಕ್ಕೆ ಉಪದೇಶವೊಂದೇ ಕಾರಣವೆನ್ನುವುದು ಸಾಹಸವಾದೀತು. ಚಿಕಿತ್ಸೆಯ ಕ್ರಮವೂ ಸೈನಿಕರ ಜೀವನವೂ ಉತ್ತಮಪಟ್ಟಿದ್ದುವು. ಆದರೆ ಕೊಳ್ಳುವವನೂ ಬುದ್ಧಿಹೇಳಿಸಿಕೊಳ್ಳಬಲ್ಲ ಮನುಷ್ಯನೆಂದು ಅಧಿಕಾರ ಒಪ್ಪಿಕೊಂಡ ಅಪರೂಪದ ಪ್ರಸಂಗಗಳಲ್ಲಿ ಇದೊಂದು.

1881ರಲ್ಲಿ ಮೈಸೂರು ರಾಜ್ಯ ಒಡೆಯರ ವಶಕ್ಕೆ ಮರಳಿದಾಗ ದಂಡು ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿಯೇ ಉಳಿಯಿತು. 1947ರ ವರೆಗೆ ಒಂದೇ ಊರಿನಲ್ಲಿ ಎರಡು ಆಡಳಿತ, ಎರಡು ಪೋಲೀಸು. ಪೇಟೆಯ ಮಗ್ಗುಲಲ್ಲಿ 1892ರಲ್ಲಿ ಚಾಮರಾಜಪೇಟೆಯೂ, 1898ರ ಪ್ಲೇಗಿನ ಸುಮಾರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳೂ ರೂಪುಗೊಂಡುವು. ಅಗಲವಾದ ಬೀದಿ, ಗುಡಿ, ಪಾಠಶಾಲೆ, ಉದ್ಯೋಗಸ್ಥರ ಮನೆ—ಇವು ಆ ಬಡಾವಣೆಗಳ ಲಕ್ಷಣ. ವೇಶ್ಯಾವೃತ್ತಿಯ ಮಾತು ಅಲ್ಲಿಯ ಜಗುಲಿಗಳ ಮೇಲೆ ಆಡುವ ಮಾತಲ್ಲ. ಆದರೆ ಆ ವೃತ್ತಿಗೆ ಹೆಣ್ಣನ್ನು ನೂಕುವ ಕಾರಣಗಳಲ್ಲಿ ಬಾಲವೈಧವ್ಯವೂ ಅನಾಥತ್ವವೂ ಇದ್ದುವೆಂಬುದನ್ನು ಬಸವನಗುಡಿಯ ಹಿರಿಯರು ಅರಿಯದೆ ಇರಲಿಲ್ಲ. 1905ರಲ್ಲಿ ಸ್ಥಾಪಿತವಾದ ಅಬಲಾಶ್ರಮವೂ 1913ರ ಮಹಿಳಾ ಸೇವಾ ಸಮಾಜವೂ ಸ್ತ್ರೀಯರಿಗೆ ಆಶ್ರಯವನ್ನೂ ವಿದ್ಯೆಯನ್ನೂ ಒದಗಿಸಿ, ಪೋಲೀಸರಿಗಿಂತ ಮೊದಲೇ ತಲಪಬೇಕಾದ ಎಡೆಗೆ ತಲಪಿದುವು.

ಅರ್ಥಶಾಸ್ತ್ರ ಅಚ್ಚಾದ 1909ರಲ್ಲಿಯೇ ಮೈಸೂರು ಸರ್ಕಾರದವರು ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿದರು. ದೇಶದಲ್ಲಿ ಇದು ಮುಂಚೂಣಿಯ ಸುಧಾರಣೆಯೆನಿಸಿತು. ಸುಧಾರಣೆಯ ಉದ್ದೇಶ ಶುದ್ಧವಾಗಿದ್ದರೂ ಅದರ ಫಲವನ್ನು ಎಲ್ಲರೂ ಒಂದೇ ಬಗೆಯಲ್ಲಿ ಎಣಿಸಲಿಲ್ಲ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿ, ಊರಿನ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡ ಗಾಯಕಿ ಬೆಂಗಳೂರು ನಾಗರತ್ನಮ್ಮನವರು, ಮದರಾಸಿನಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನವನ್ನು ವಿರೋಧಿಸಿದವರಲ್ಲಿ ಪ್ರಮುಖರು. ಗೀತನೃತ್ಯಗಳ ಕುಲವೃತ್ತಿಯನ್ನೂ ವೇಶ್ಯಾವೃತ್ತಿಯನ್ನೂ ಒಂದೇ ಎಂದೆಣಿಸುವುದು ಅನ್ಯಾಯವೆಂಬುದು ಅವರ ಪಕ್ಷದವರ ವಾದ. ಹುಡುಗಿಯರನ್ನು ಅರಿಯದ ವಯಸ್ಸಿನಲ್ಲಿ ಅರ್ಪಿಸುವ ಕ್ರೌರ್ಯವನ್ನು ತಡೆಯಲೇಬೇಕೆಂಬುದು ರೆಡ್ಡಿಯವರ ವಾದ. ಎರಡರಲ್ಲಿಯೂ ಸತ್ಯಾಂಶವಿತ್ತು. ಗುಡಿಯಿಂದ ಹೊರಬಿದ್ದವರ ಮೇಲೆಯೇ ಇಷ್ಟೆಲ್ಲ ಚರ್ಚೆ ನಡೆಯಿತಲ್ಲದೆ, ಅವರ ಮನೆಬಾಗಿಲಿಗೆ ಬರುತ್ತಿದ್ದ ಧನಿಕರು ಆಜ್ಞೆಯ ವ್ಯಾಪ್ತಿಗೆ ಬರಲಿಲ್ಲ.

ಆ ಮೇಲಿನ ಶಾಸನಗಳ ಗುರಿ ಮಧ್ಯವರ್ತಿಗಳು. ಮುಂಬಯಿಯಲ್ಲಿ 1923ರಲ್ಲಿ, ಮದರಾಸಿನಲ್ಲಿ 1930ರಲ್ಲಿ ಇಂಥ ಕಾನೂನುಗಳಾದುವು. ಮೈಸೂರು ಸಂಸ್ಥಾನವೂ ಆ ದಶಕದಲ್ಲಿ ಅದೇ ದಾರಿ ಹಿಡಿಯಿತು. ಸ್ವತಂತ್ರ ಭಾರತ 1950ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿಹಾಕಿ, 1956ರಲ್ಲಿ ಇಡೀ ದೇಶಕ್ಕೆ ಒಂದೇ ಶಾಸನವನ್ನು ಮಾಡಿತು. 1986ರ ತಿದ್ದುಪಡಿಯಿಂದ ಅದು ಅನೈತಿಕ ವ್ಯವಹಾರ ತಡೆ ಶಾಸನವೆಂಬ ಹೆಸರು ಪಡೆಯಿತು. ವೇಶ್ಯಾಗೃಹ ನಡೆಸುವವನು, ಪರರ ಗಳಿಕೆಯಿಂದ ಜೀವಿಸುವವನು, ಹೆಣ್ಣನ್ನು ಒದಗಿಸುವ ತಲೆಹಿಡುಕ—ಇವರಿಗೆ ಅದರಲ್ಲಿ ಕಠಿನ ಶಿಕ್ಷೆಯುಂಟು. ವೃತ್ತಿಯನ್ನೇ ಅದು ಅಪರಾಧವೆನ್ನಲಿಲ್ಲ.

ಈ ಶಾಸನದ ಎರಡು ಪ್ರಕರಣಗಳು ವಾಚಕರ ವಿಶೇಷ ಗಮನಕ್ಕೆ ಅರ್ಹವಾಗಿವೆ. ಏಳನೆಯ ಪ್ರಕರಣದ ಪ್ರಕಾರ ದೇವಾಲಯ, ವಿದ್ಯಾಸಂಸ್ಥೆ, ಆಸ್ಪತ್ರೆ ಮುಂತಾದವುಗಳಿಂದ 200 ಮೀಟರಿನೊಳಗೆ ಈ ವ್ಯವಹಾರ ನಡೆದರೆ ಸ್ತ್ರೀಗೂ ಅವಳೊಡನೆ ಇದ್ದವನಿಗೂ ಒಂದೇ ಶಿಕ್ಷೆ, ಮೂರು ತಿಂಗಳವರೆಗೆ ಸೆರೆ. ಬಸವನಗುಡಿಯಲ್ಲಾಗಲಿ ಚಾಮರಾಜಪೇಟೆಯಲ್ಲಾಗಲಿ ಪ್ರತಿಯೊಂದು ಗುಡಿ, ಶಾಲೆ, ಆಸ್ಪತ್ರೆಯ ಸುತ್ತಲೂ ಇಂತಹ ವೃತ್ತವನ್ನೆಳೆದರೆ ಹೊರಗುಳಿಯುವ ಮನೆಗಳು ವಿರಳ. ಎಂಟನೆಯ ಪ್ರಕರಣವಾದರೋ ಬೀದಿಯಲ್ಲಿ ನಿಂತು ಕರೆಯುವುದನ್ನು ಶಿಕ್ಷಿಸತಕ್ಕದ್ದು. ಅಲ್ಲಿ ಸ್ತ್ರೀಗೆ ಮೊದಲ ತಪ್ಪಿಗೆ ಆರು ತಿಂಗಳವರೆಗೆ ಸೆರೆಯಾಗಬಹುದು. ಅದೇ ತಪ್ಪು ಮಾಡಿದ ಪುರುಷನಿಗೆ ಏಳು ದಿನಕ್ಕೆ ಕಡಮೆಯಿಲ್ಲದಂತೆ ಮೂರು ತಿಂಗಳವರೆಗೆ ಮಾತ್ರ. 1871ರ ಕಮಿಷನ್ನಿನ ತಕ್ಕಡಿ 1986ರಲ್ಲಿಯೂ ಪೂರ್ತಿಯಾಗಿ ಸಮವಾಗಿರಲಿಲ್ಲ.

ಆಚರಣೆಯಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ರೈಲು, ಬಸ್ಸುಗಳ ನಿಲ್ದಾಣಗಳೆರಡೂ ಸೇರಿದ ಮೆಜೆಸ್ಟಿಕ್ಕಿನ ಸುತ್ತಲೂ ಬೀದಿಯಲ್ಲಿ ಕಾಣಿಸಿಕೊಳ್ಳುವವಳು ಹೆಣ್ಣು. ಗಿರಾಕಿ ಜನಸಂದಣಿಯಲ್ಲಿ ಒಬ್ಬ ಪ್ರಯಾಣಿಕ. ಠಾಣೆಗೆ ಹೋಗುವವಳು ಅವಳು, ಪೆಟ್ಟಿ ಕೇಸಿನ ದಂಡ ತೆರುವವಳು ಅವಳು. ದಂಡದ ಹಣವನ್ನು ದುಡಿಯಲು ಮರುದಿನ ಅದೇ ಬೀದಿಗೆ ಬರುವವಳೂ ಅವಳೇ. ವಿಜಯನಗರದ ಕಂದಾಯ ಬೇರೊಂದು ಹೆಸರಿನಲ್ಲಿ ಉಳಿದುಬಂದಂತೆ ಇದು ತೋರುತ್ತದೆ. ಗೃಹಗಳ ಮೇಲೆ ದಾಳಿ ನಡೆದಾಗ ಗಿರಾಕಿಗಳೂ ಸಿಕ್ಕಿಬೀಳುವುದುಂಟು. ಆದರೆ ವೇಶ್ಯಾಗೃಹ ನಡೆಸುವುದು, ಅದರ ಗಳಿಕೆಯಿಂದ ಜೀವಿಸುವುದು ಮುಂತಾದ ಅಪರಾಧಗಳನ್ನು ಕೇವಲ ಗಿರಾಕಿಯಾಗಿ ಹೋದವನ ಮೇಲೆ ಹೊರಿಸಲಾಗದೆಂದು ಕರ್ನಾಟಕದ ಉಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು. ಶಾಸನದಲ್ಲಿಲ್ಲದ ಅಪರಾಧವನ್ನು ನ್ಯಾಯಾಲಯ ಸೃಷ್ಟಿಸಲಾರದು. ಅದೇ ವರ್ಷದ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಈ ಸ್ತ್ರೀಯರನ್ನು ಪೋಲೀಸರು ಗೌರವದಿಂದ ಕಾಣಬೇಕೆಂದೂ ದಾಳಿಯ ಕಾಲದಲ್ಲಿ ಅವರನ್ನು ಬಂಧಿಸಿ ಪೀಡಿಸಕೂಡದೆಂದೂ ಅಪ್ಪಣೆ ಮಾಡಿತು.

ಕೊಳ್ಳುವವನನ್ನು ಶಿಕ್ಷಿಸುವ ಪ್ರಯತ್ನ ಲೋಕಸಭೆಯಲ್ಲಿ ನಡೆಯದೆ ಇಲ್ಲ. 2006ರ ಮಸೂದೆ ಬೀದಿಯಲ್ಲಿ ಕರೆಯುವುದನ್ನು ಅಪರಾಧಗಳ ಪಟ್ಟಿಯಿಂದ ತೆಗೆದು, ಸಾಗಿಸಿ ತಂದ ಹೆಣ್ಣನ್ನು ಬಳಸಲು ವೇಶ್ಯಾಗೃಹಕ್ಕೆ ಹೋಗುವವನಿಗೆ ಶಿಕ್ಷೆ ವಿಧಿಸಲು ಹೊರಟಿತು. 2009ರಲ್ಲಿ ಲೋಕಸಭೆಯ ವಿಸರ್ಜನೆಯೊಡನೆ ಬಿದ್ದುಹೋಯಿತು. ಅದನ್ನು ವೃತ್ತಿಯಲ್ಲಿದ್ದ ಸ್ತ್ರೀಯರ ಸಂಘಗಳೇ ವಿರೋಧಿಸಿದುದು ವಿಚಾರಮಾಡತಕ್ಕ ಸಂಗತಿ. ಗಿರಾಕಿ ಹೆದರಿದರೆ ವ್ಯವಹಾರ ಕತ್ತಲೆಯ ಮೂಲೆಗೆ ಸರಿಯುತ್ತದೆ, ಅಪಾಯ ಹೆಚ್ಚುತ್ತದೆ, ಹೊಟ್ಟೆಗೆ ಹೊಡೆತ ಬೀಳುತ್ತದೆ ಎಂಬುದು ಅವರ ಆತಂಕ. ಸ್ವೀಡನ್ 1999ರಲ್ಲಿ ಕೊಳ್ಳುವವನನ್ನು ಮಾತ್ರ ಶಿಕ್ಷಿಸುವ ಕಾನೂನು ಮಾಡಿತು. 2016ರಲ್ಲಿ ಫ್ರಾನ್ಸ್ ಅದನ್ನನುಸರಿಸಿತು. ನ್ಯೂಜಿಲೆಂಡ್ 2003ರಲ್ಲಿ ಇಬ್ಬರನ್ನೂ ಶಿಕ್ಷೆಯಿಂದ ಬಿಟ್ಟು, ವೃತ್ತಿಯನ್ನು ಇತರ ಕೆಲಸಗಳ ನಿಯಮಕ್ಕೆ ಒಳಪಡಿಸಿತು. ಯಾವುದು ಮೇಲೆಂಬ ವಾದ ಮುಗಿದಿಲ್ಲ.

ಒಂದು ಅಂಶದಲ್ಲಿ ಮಾತ್ರ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ. ಸಾಗಿಸಿ ತಂದವಳೆಂದು ತಿಳಿದೂ, ತಿಳಿಯಲು ಕಾರಣವಿದ್ದೂ ಅವಳನ್ನು ಬಳಸಿದವನು ಅಪರಾಧಿಯೆಂದು 2013ರ ತಿದ್ದುಪಡಿ ಹೇಳಿತು. ಮೂರು ವರ್ಷಕ್ಕೆ ಕಡಮೆಯಿಲ್ಲದ ಸೆರೆ, ಅವಳು ಎಳೆಯಳಾದರೆ ಐದು ವರ್ಷಕ್ಕೆ ಕಡಮೆಯಿಲ್ಲ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಇಷ್ಟು ಶತಮಾನಗಳ ಮೇಲೆ ಕೊಳ್ಳುವವನಿಗೆ ಶಾಸನದಲ್ಲಿ ಸ್ಪಷ್ಟವಾದ ಸ್ಥಳ ದೊರೆತುದು ಇಲ್ಲಿ.

ಪುರುಷನ ಹೆಸರು ಹೊರಬಿದ್ದರೆ ಮನೆತನದ ಮಾನ ಹೋಗುತ್ತದೆ, ನಿರಪರಾಧಿಯಾದ ಹೆಂಡತಿಮಕ್ಕಳು ನೋಯುತ್ತಾರೆ ಎಂಬ ಮಾತು ಗೃಹಸ್ಥರಲ್ಲಿ ಕೇಳಿಬರುವುದುಂಟು. ಅದು ಸುಳ್ಳಲ್ಲ. ಆದರೆ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡವಳಿಗೂ ತಾಯಿಯುಂಟು, ಮಕ್ಕಳುಂಟು. ಅವರ ನೋವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಗಂಡನ ಗುಟ್ಟು ಕಾಪಾಡಿದ್ದರಿಂದ ಹೆಂಡತಿ ಕ್ಷೇಮವಾಗಿರಲಿಲ್ಲವೆಂಬುದನ್ನು ಏಡ್ಸ್ ರೋಗದ ದಶಕಗಳು ಎಷ್ಟೋ ಮರ್ಯಾದಸ್ಥ ಮನೆಗಳಿಗೆ ತೋರಿಸಿಕೊಟ್ಟುವು. ಪೋಲೀಸರು ನಾಳೆ ಯಾವ ಮಾರ್ಗವನ್ನೇ ಹಿಡಿಯಲಿ, ಬೀದಿಯಲ್ಲಿ ಕಂಡವಳನ್ನು ಹಿಡಿದು ಕಾಣದವನನ್ನು ಬಿಡುವ ಪದ್ಧತಿ ಈ ಊರಿನಲ್ಲಿ ಯಾವ ಕಾಲದಲ್ಲಿಯೂ ವೃತ್ತಿಯನ್ನು ನಿಲ್ಲಿಸಲಿಲ್ಲ, ರೋಗವನ್ನೂ ನಿಲ್ಲಿಸಲಿಲ್ಲ. ಬಾಲಕಿಯನ್ನೂ ಬಲಾತ್ಕಾರವಾಗಿ ತರಲ್ಪಟ್ಟವಳನ್ನೂ ಕೊಳ್ಳುವವನ ಮೇಲೆ ಈಗಿರುವ ಕಾನೂನನ್ನು ನಿರ್ದಾಕ್ಷಿಣ್ಯವಾಗಿ ನಡೆಸುವುದು ಪೋಲೀಸರ ಕರ್ತವ್ಯ. ಗಂಡುಮಕ್ಕಳಿಗೆ ಹೆಣ್ಣು ಕೊಳ್ಳತಕ್ಕ ಪದಾರ್ಥವಲ್ಲವೆಂದು ಕಲಿಸುವುದು ಮನೆಗಳ ಕರ್ತವ್ಯ. ಆ ಕೆಲಸಕ್ಕೆ ಯಾವ ಠಾಣೆಯ ಅಪ್ಪಣೆಯೂ ಬೇಕಾಗಿಲ್ಲ.